ಬೆಟ್ಟ ಪಡುವಣದಲ್ಲಿರುವ ಊರು

ಪಾರಿಗಿ, ಸುಲವೇಸಿ
20 ಆಗಸ್ಟ್ 1972

ವಯಾನಣ್ಣನಿಗೆ ನೆಂಗಾನ ನಮಸ್ಕಾರ. ಓಂ ಸ್ವಸ್ತ್ಯಸ್ತು.

ಬದುಕಿದ್ದೇವೆ. ಇದನ್ನು ಮೊದಲು ಬರೆದುಬಿಡುತ್ತೇನೆ, ಏಕೆಂದರೆ ನೀನು ಮೊದಲ ಸಾಲು ಓದಿ ಕಾಗದ ಮಡಿಸಿಟ್ಟುಬಿಡುವ ಪೈಕಿ. ಬಾಲಿಯಿಂದ ಇಲ್ಲಿಗೆ ಹಡಗಿನಲ್ಲಿ ಒಂಬತ್ತು ದಿನ. ಕೆರ್ತಿ ಒಂಬತ್ತು ದಿನವೂ ವಾಂತಿ ಮಾಡಿದಳು. ಕಡಲಿನ ಹೊಯ್ದಾಟ ಅಂದುಕೊಂಡೆ. ನೆಲಕ್ಕೆ ಇಳಿದ ಮೇಲೂ ನಿಲ್ಲಲಿಲ್ಲ. ಈ ಊರಿನ ಮುದುಕಿಯೊಬ್ಬಳು ಅವಳ ಮುಖ ನೋಡಿ, ನನ್ನ ಮುಖ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಹೌದು, ನೀನು ದೊಡ್ಡಪ್ಪನಾಗುತ್ತೀಯ.

ವಲಸೆ ಬಂದ ನಮಗೆ ಸರ್ಕಾರ ಕೊಟ್ಟದ್ದು ಕಾಡು. ಅದರಲ್ಲಿ ಮನೆಗೆ, ಅಂಗಳಕ್ಕೆ, ಹಿತ್ತಲಿಗೆ ಎಂದು ಒಂದು ತುಂಡು ಗುರುತು ಮಾಡಿಕೊಟ್ಟರು. ಕಡಿದ ಮರದಲ್ಲೇ ಕಂಬ, ಬಿದಿರಿನ ತಟ್ಟಿಯ ಗೋಡೆ, ಹುಲ್ಲಿನ ಮಾಡು. ಎಲ್ಲ ನನ್ನ ಕೈಯಿಂದಲೇ ಎದ್ದದ್ದು. ಒಂದು ಕಂಬ ಸ್ವಲ್ಪ ವಾಲಿದೆ. ನೋಡಿದರೆ ನೀನು ನಗುತ್ತೀಯ, ಆದ್ದರಿಂದ ಬಂದು ನೋಡು.

ಈ ಮಣ್ಣನ್ನು ಏನೆಂದು ಬಣ್ಣಿಸಲಿ ಅಣ್ಣ? ನಮ್ಮ ಬೆಟ್ಟ ಉಗುಳಿದ ಬೂದಿಯನ್ನು ಒಂಬತ್ತು ವರ್ಷ ಸರಿಸಿ ಸರಿಸಿ ನಮ್ಮಿಬ್ಬರ ಬೆನ್ನೂ ಬಾಗಿತು. ಇಲ್ಲಿ ಮೊಣಕೈವರೆಗೆ ತೋಳು ಇಳಿಸಿದರೂ ಕರಿ ಮಣ್ಣೇ. ಬಟ್ಟೆ ಒಣಗಿಸಲು ಹೂಳಿದ ಗೂಟ ಹದಿನೈದು ದಿನಕ್ಕೆ ಚಿಗುರಿತು. ಕೆರ್ತಿ ಅದರ ಮುಂದೆ ಕೂತು, "ಇದಕ್ಕೆ ಯಾರೂ ಹೇಳ್ಲಿಲ್ವಾ, ನೀನು ಸತ್ತಿದ್ದೀಯ ಅಂತ?" ಎಂದಳು. ಇಬ್ಬರೂ ನಕ್ಕೆವು.

ತೋಟ ಶುರುವಾಗಿದೆ. ಬಾವಿಯ ಬಳಿ ಬಾಳೆ, ಅಡುಗೆಮನೆಯ ಹಿಂದೆ ಅರಿಶಿನ, ನಿಂಬೆಹುಲ್ಲು, ಮೆಣಸಿನ ಗಿಡ. ಹೂವಿಗೆ ಗೊಂಡೆ, ದಾಸವಾಳ, ಒಂದು ಸಂಪಿಗೆ ಸಸಿ. ಎಲ್ಲವನ್ನೂ ನಮ್ಮ ಮನೆಯಲ್ಲಿ ಹೇಗಿತ್ತೋ ಹಾಗೆಯೇ ಇಟ್ಟಿದ್ದೇನೆ. ಹಿರಿಯರ ಗುಡಿ ಈಶಾನ್ಯ ಮೂಲೆಗೆ, ಹಂದಿಗೂಡು ನೈಋತ್ಯಕ್ಕೆ. ಕಣ್ಣು ಮುಚ್ಚಿಕೊಂಡೂ ಓಡಾಡಬಹುದು.

ಗುಡಿ ಎಂದರೆ ಕಲ್ಲಿನದಲ್ಲ. ಅಷ್ಟು ಶಕ್ತಿ ಎಲ್ಲಿದೆ? ಹೊಸದಾಗಿ ಮನೆ ಹೂಡಿದವರು ಕಟ್ಟುವ ಹಾಲುವಾಣದ ಕೋಲಿನ ಗುಡಿ. ನಾಲ್ಕು ಕೋಲು, ಮೇಲೊಂದು ಬಿದಿರಿನ ತಟ್ಟೆ, ಹುಲ್ಲಿನ ಸೂರು. ನಮ್ಮನ್ನು ಬಂದರಿಗೆ ಒಯ್ದ ಲಾರಿಯಲ್ಲಿ, ಮೂಟೆಗಳ ನಡುವೆ, ಬಾಳೆಪಟ್ಟೆ ಸುತ್ತಿದ ಐದು ಕೋಲುಗಳ ಕಟ್ಟು ಸಿಕ್ಕಿತು. ಬುಡಕ್ಕೆ ಕೆಸರು ಮೆತ್ತಿ ಒದ್ದೆಯಾಗಿಟ್ಟಿದ್ದರು. ಅತ್ತಿಗೆಯ ಕೆಲಸವೇ ಇರಬೇಕು. ಅವಳಿಗೆ ನನ್ನ ನಮಸ್ಕಾರ ಹೇಳು.

ಆದರೆ ಗುಡಿ ಖಾಲಿ ಇದೆ, ಅಣ್ಣ. ಅದರಲ್ಲಿ ಹಿರಿಯರಿಲ್ಲ. ಹೊರಡುವ ಬೆಳಗ್ಗೆ ನಾನು ನಮ್ಮ ಗುಡಿಯ ಒಂದು ಹಿಡಿ ಮಣ್ಣು ಕೇಳಲು ಬಂದೆ. ನೀನು ಬಾಗಿಲು ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತೆ. "ಬಿಟ್ಟು ಹೋಗೋನಿಗೆ ಮಣ್ಣು ಯಾಕೋ?" ಅಂದೆ. ಅವತ್ತು ನನಗೂ ಸಿಟ್ಟಿತ್ತು. ಈಗ ಇಲ್ಲ. ಮಗು ಹುಟ್ಟಿ ನೂರೈದನೆಯ ದಿನ ಅದರ ಪಾದವನ್ನು ಮೊದಲ ಸಲ ನೆಲಕ್ಕೆ ಮುಟ್ಟಿಸಬೇಕಲ್ಲ, ಹಿರಿಯರ ಎದುರಿಗೆ. ಯಾವ ಹಿರಿಯರ ಎದುರಿಗೆ ಇಳಿಸಲಿ? ಒಂದು ಹಿಡಿ ಸಾಕು. ಒಂದು ಬೊಗಸೆಯೂ ಬೇಡ.

ನಿನ್ನ ತಮ್ಮ,
ನೆಂಗಾ

*

ಪಾರಿಗಿ
5 ಡಿಸೆಂಬರ್ 1972

ಅಣ್ಣನಿಗೆ ನೆಂಗಾ ಬರೆಯುವುದು.

ಮೂರು ತಿಂಗಳಿಗೂ ಹೆಚ್ಚಾಯಿತು, ನಿನ್ನಿಂದ ಒಂದಕ್ಷರವಿಲ್ಲ. ನಿನ್ನ ಮೌನ ನನಗೆ ಹೊಸದಲ್ಲ. ಅಪ್ಪ ಸತ್ತಾಗ ನೀನು ನಲವತ್ತು ದಿನ ಮಾತಾಡಿರಲಿಲ್ಲ, ಎತ್ತಿನ ಹತ್ತಿರ ಮಾತ್ರ ಮಾತಾಡುತ್ತಿದ್ದೆ. ನಾನು ಎತ್ತೆಂದೇ ತಿಳಿದು ಓದು.

ಕೋಲುಗಳು ಚಿಗುರಿದವು!

ಗುಡಿಯ ನಾಲ್ಕು ಕಂಬವೂ. ನವೆಂಬರಿನ ಮೊದಲ ಮಳೆ ಬಿದ್ದ ನಾಲ್ಕನೆಯ ದಿನ ಹೂವಿಡಲು ಹೋದೆ. ನಾನು ಕೈಯಾರೆ ಗುದ್ದಿ ಹೂಳಿದ ಕೋಲು, ಅದರ ಪಕ್ಕೆಯಿಂದ ಮೂರು ಮೂರು ಎಲೆ ಹೊರಗೆ ಬಂದಿದೆ. ಹೂವು ಕೈಯಲ್ಲೇ ಉಳಿಯಿತು. ನಮ್ಮೂರಲ್ಲೂ ಹಾಲುವಾಣ ಚಿಗುರುತ್ತದೆ, ನೋಡದ್ದೇನಲ್ಲ. ಆದರೆ ಕಂಬ ತನ್ನ ಪಾಡಿಗೆ ತಾನು ಮರವಾಗಲು ಹೊರಟು, ತಲೆಯ ಮೇಲಿನ ಸೂರನ್ನು ಒಂದು ಬೆರಳು ಎತ್ತಿ ಹಿಡಿದದ್ದನ್ನು ನೀನು ಕಂಡಿದ್ದೀಯಾ? ನಾನು ದೇವರಿಗೆ ಮನೆ ಕಟ್ಟಿದೆನೋ, ದೇವರೇ ಕಟ್ಟಿಕೊಳ್ಳುತ್ತಿದೆಯೋ ತಿಳಿಯಲಿಲ್ಲ. ಅಲ್ಲೇ ಕೂತುಬಿಟ್ಟೆ. ಕೆರ್ತಿ ಹುಡುಕಿಕೊಂಡು ಬಂದು ಅವಳೂ ಕೂತಳು.

ಮೊನ್ನೆ ಶನಿವಾರ ಮರಗಳ ಹಬ್ಬ. ಅಕ್ಕಿಯ ಗಂಜಿ ಮಾಡಿ ಎಲ್ಲ ಗಿಡಕ್ಕೂ ಬಳಿದೆವು. ಇಲ್ಲಿ ತಬ್ಬುವಷ್ಟು ದಪ್ಪದ್ದು ಯಾವುದೂ ಇಲ್ಲ, ಎಲ್ಲ ಮೊಣಕಾಲುದ್ದದವು. ಆದರೂ ಬೆರಳಿನಿಂದ ಮೆಲ್ಲಗೆ ತಟ್ಟಿ, "ಅಜ್ಜ, ಅಜ್ಜಿ, ಇನ್ನು ಇಪ್ಪತ್ತೈದು ದಿನಕ್ಕೆ ಗಲುಂಗಾನ್ ಹಬ್ಬ ಬರ್ತದೆ, ಗೊನೆಗೊನೆ ಬಿಡಿ" ಎಂದೆ. ಪಕ್ಕದ ಜಾಗದ ಕೆತುತ್ ರೆಂಬುನ್ ಬೇಲಿಯಾಚೆಯಿಂದ ಕೂಗಿದ: "ಏಯ್, ಆ ಮೆಣಸಿನ ಗಿಡಕ್ಕೆ ಹಲ್ಲೇ ಹುಟ್ಟಿಲ್ಲ, ಅದನ್ನ ಅಜ್ಜ ಅಂತೀಯಲ್ಲೋ!" ಅವನು ಬಾಲಿಯ ಬಡಗಣ ಕಡಲಂಚಿನವನು. ಬಾಯಿ ಜಾಸ್ತಿ, ಮನಸ್ಸು ಒಳ್ಳೆಯದು.

ಅದೇ ಗಂಜಿಯನ್ನು ಗುಡಿಯ ಕೋಲುಗಳಿಗೂ ಬಳಿದೆ. ಅಲ್ಲಿ ಮಾತ್ರ ಅಜ್ಜ, ಅಜ್ಜಿ ಎನ್ನಲು ಬಾಯಿ ಬರಲಿಲ್ಲ. ಕರೆದರೆ ಓಗೊಡಲು ಅಲ್ಲಿ ಯಾರಿದ್ದಾರೆ?

ಮಣ್ಣು ಕಳಿಸು ಅಣ್ಣ. ಇದು ಎರಡನೆಯ ಸಲ ಕೇಳುತ್ತಿರುವುದು. ನೂರು ಸಲವಾದರೂ ಕೇಳುತ್ತೇನೆ.

ನೆಂಗಾ

*

ಕರಂಗಾಸೆಂ, ಬಾಲಿ
10 ಜನವರಿ 1973

ನೆಂಗಾನಿಗೆ ಅತ್ತಿಗೆ ರಸ್ನಿ ಮಾಡುವ ಆಶೀರ್ವಾದ.

ಇವರಿಗೆ ಗೊತ್ತಿಲ್ಲದೆ ಬರೆಯುತ್ತಿದ್ದೇನೆ. ಗೊತ್ತಾದರೂ ಏನೂ ಅನ್ನುವುದಿಲ್ಲ. ಅನ್ನದಿರುವುದೇ ಇವರ ದೊಡ್ಡ ಕಾಯಿಲೆ.

ನಿನ್ನ ಕಾಗದ ಬಂದರೆ ಇವರು ಕಣಜದ ಹಿಂದೆ ಹೋಗಿ ಓದುತ್ತಾರೆ. ಓದಿ, ಮಡಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಗದ್ದೆಗೆ ಹೋಗುತ್ತಾರೆ. ಮೊದಲ ಕಾಗದ ಬೆವರಿಗೆ ನಾಲ್ಕು ತುಂಡಾಗಿದೆ. ನಾನು ಅನ್ನದ ಗಂಜಿ ಹಚ್ಚಿ ಅಂಟಿಸಿ ಕೊಟ್ಟೆ. "ಮಣ್ಣು ಕಳಿಸಿಬಿಡಿ, ಪಾಪ, ಬಸುರಿ ಹೆಂಗಸು ಇದ್ದಾಳೆ" ಎಂದರೆ ಎದ್ದು ಹೋಗಿಬಿಡುತ್ತಾರೆ. ನೀನು ಹೋದ ದಿನದಿಂದ ಗುಡಿಯಂಗಳವನ್ನು ನನಗೆ ಗುಡಿಸಲೂ ಕೊಡುವುದಿಲ್ಲ. ತಾವೇ ಗುಡಿಸುತ್ತಾರೆ.

ಕೋಲು ಚಿಗುರಿತೆಂದು ಬರೆದಿದ್ದೆಯಲ್ಲ, ಆವತ್ತು ರಾತ್ರಿ ಊಟ ಮಾಡುತ್ತಾ ತಲೆಯೆತ್ತದೆ ಒಂದು ಮಾತು ಕೇಳಿದರು. "ಅವನು ಕೋಲನ್ನ ತೊಳೆದು ನೆಟ್ಟನಾ, ಹಾಗೇ ನೆಟ್ಟನಾ? ಬರೆದು ಕೇಳು." ಅದಕ್ಕೇ ಈ ಕಾಗದ. ಇದೇನು ಪ್ರಶ್ನೆಯೋ ನನಗೆ ತಿಳಿಯದು, ಉತ್ತರ ಮಾತ್ರ ತಪ್ಪದೆ ಬರಿ. ಅಂದ ಹಾಗೆ, ಆ ಕಟ್ಟನ್ನು ಲಾರಿಯಲ್ಲಿಟ್ಟವಳು ನಾನಲ್ಲ. ನಾನು ಇಟ್ಟದ್ದು ಒಣಮೀನು. ಅದಕ್ಕೆ ಯಾರೂ ನಮಸ್ಕಾರ ಹೇಳಲಿಲ್ಲ.

ಕೆರ್ತಿಗೆ ಬಾಳೆಹೂವಿನ ಪಲ್ಯ ಚೆನ್ನಾಗಿ ತಿನ್ನಲು ಹೇಳು, ಹಾಲು ಬರುತ್ತದೆ.

ರಸ್ನಿ

*

ಪಾರಿಗಿ
22 ಫೆಬ್ರವರಿ 1973

ಅಣ್ಣನಿಗೂ ಅತ್ತಿಗೆಗೂ ನೆಂಗಾನ ನಮಸ್ಕಾರ.

ಹೆಣ್ಣು ಮಗು! ಈ ತಿಂಗಳ ಹತ್ತನೆಯ ತಾರೀಕು, ಬೆಳಗಿನ ಜಾವ. ತಾಯಿ ಮಗು ಚೆನ್ನಾಗಿದ್ದಾರೆ. ಮಾಸನ್ನು ಬಾಗಿಲ ಎಡಕ್ಕೆ ತೆಂಗಿನ ಚಿಪ್ಪಿನಲ್ಲಿಟ್ಟು ಹೂತು, ಮೇಲೆ ಮುಳ್ಳಿನ ಕೇದಗೆ ನೆಟ್ಟು ದೀಪ ಹಚ್ಚಿದ್ದೇನೆ. ಹೆಣ್ಣಾಗಲಿ ಗಂಡಾಗಲಿ, ನಮ್ಮಲ್ಲಿ ಮೊದಲ ಮಗುವಿಗೆ ವಯಾನ್ ಎಂದಲ್ಲದೆ ಇನ್ನೇನು ಹೆಸರಿಡುವುದು? ಇನ್ನು ದಿನವೂ ನಿನ್ನ ಹೆಸರು ಹಿಡಿದು ಗದರಬಹುದು. ನಿನ್ನೆಯೇ ಶುರು ಮಾಡಿದೆ. ಅವಳೂ ನಿನ್ನ ಹಾಗೆಯೇ, ಮುಖ ಗಂಟಿಕ್ಕಿ ನೋಡುತ್ತಾಳೆಯೇ ಹೊರತು ಉತ್ತರವಿಲ್ಲ.

ಅತ್ತಿಗೆ, ಒಣಮೀನು ಹಡಗಿನಲ್ಲೇ ಮುಗಿಯಿತು. ಸಾಷ್ಟಾಂಗ ನಮಸ್ಕಾರ.

ಕೋಲಿನ ವಿಷಯ ಕೇಳಿದ್ದಿರಿ. ಐದರಲ್ಲಿ ಒಂದನ್ನು ತೊಳೆದು ನೆಟ್ಟೆ, ವಾರಕ್ಕೆ ಒಣಗಿತು. ಆಗ ಬಾವಿ ತೋಡಿರಲಿಲ್ಲ, ಹೊಳೆಯಿಂದ ನೀರು ಹೊರಬೇಕಿತ್ತು, ಮೈಗಳ್ಳತನದಿಂದ ಉಳಿದ ನಾಲ್ಕನ್ನು ಕೆಸರಿನ ಸಮೇತ ಹಾಗೇ ಊರಿದೆ. ಅವೇ ಚಿಗುರಿದವು. ಆದರೆ ಆ ಮಾತು ಇನ್ನು ಏಕೆ? ಒಂದು ದೊಡ್ಡ ತಪ್ಪಾಗಿದೆ.

ಜನವರಿಯ ಮಳೆ ಇಲ್ಲಿ ಆಕಾಶವೇ ಕಿತ್ತುಬಂದ ಹಾಗೆ. ಒಂದು ಬೆಳಗ್ಗೆ ಎದ್ದು ನೋಡುತ್ತೇನೆ, ಹಂದಿಗೂಡಿನ ಕೊಚ್ಚೆಯೆಲ್ಲ ಅಂಗಳ ದಾಟಿ, ಗೊಂಡೆ ಗಿಡ ದಾಟಿ, ನೆಟ್ಟಗೆ ಹಿರಿಯರ ಗುಡಿಗೆ ಹರಿದು ಬುಡದಲ್ಲಿ ನಿಂತಿದೆ. ರೆಂಬುನ್ ಬೇಲಿಯ ಮೇಲೆ ಗಲ್ಲ ಇಟ್ಟು, "ನಿಮ್ಮ ಹಂದಿ ನಿಮ್ಮಜ್ಜನಿಗೆ ತೀರ್ಥ ಕೊಡ್ತಾ ಇದೆ ನೋಡೋ" ಎಂದ. "ನಾನು ಅವತ್ತೇ ಹೇಳ್ಲಿಲ್ವಾ? ಹಿರಿಯರ ಗುಡಿ ಬೆಟ್ಟದ ಕಡೆಗಿರಬೇಕು, ಬೆಟ್ಟ ಅಂದ್ರೆ ತೆಂಕಣಕ್ಕೆ. ನೀನು ಬಡಗಣಕ್ಕೆ ಕಟ್ಟಿದ್ದೀಯ."

ಅವನ ಊರಲ್ಲಿ ಬೆಟ್ಟ ತೆಂಕಣಕ್ಕೆ, ನಿಜ. ನಮ್ಮ ಊರಲ್ಲಿ ಬಡಗಣಕ್ಕೆ, ಅದೂ ನಿಜ. ಎಂಟು ತಿಂಗಳಿಂದ ಇದೇ ಜಗಳ. ಸಿಟ್ಟಿನಲ್ಲಿ ಅವನ ಹಿತ್ತಲಿಗೆ ಹೋಗಿ ನೋಡಿದೆ. ಅವನ ಕೊಚ್ಚೆಯೂ ಅವನ ಗುಡಿಯ ಪಕ್ಕದಲ್ಲೇ ನಿಂತಿತ್ತು! ಇಬ್ಬರೂ ಮಳೆಯಲ್ಲಿ ತೊಯ್ಯುತ್ತಾ ನಿಂತು, ಮೊದಲ ಸಲ ತಲೆಯೆತ್ತಿ ನೋಡಿದೆವು. ಬೆಟ್ಟ ಪಡುವಣದಲ್ಲಿತ್ತು. ಮೋಡ ಸರಿದು ಎಷ್ಟೋ ಎತ್ತರಕ್ಕೆ, ಮಡಿಕೆಯ ಮೇಲೆ ಮಡಿಕೆಯಾಗಿ, ಹಸಿರು ಕಪ್ಪಾಗಿ ಎದ್ದು ನಿಂತಿತ್ತು. ದಿನವೂ ಅದರ ಕೆಳಗೇ ಇದ್ದೆವು ಅಣ್ಣ. ಮನಸ್ಸಿನಲ್ಲಿ ನಮ್ಮ ನಮ್ಮ ಊರಿನ ಬೆಟ್ಟ ಕೂತಿದ್ದರಿಂದ ಇದನ್ನು ಯಾರೂ ಕಂಡೇ ಇರಲಿಲ್ಲ.

ಈಗ ಏನು ಮಾಡಲಿ? ಬೆಟ್ಟ ಒಂದು ಕಡೆ, ಸೂರ್ಯ ಹುಟ್ಟುವುದು ಅದರ ಎದುರು ಕಡಲಿನಲ್ಲಿ. ನಮ್ಮೂರಲ್ಲಿ ಎರಡೂ ಕೂಡುವ ಮೂಲೆಯಿತ್ತು, ಇಲ್ಲಿ ಇಲ್ಲ. ಹೇಗಿದ್ದರೂ ಮೈಲಿಗೆಯಾದ ಗುಡಿ. ಹಿರಿಯರಂತೂ ಅದರಲ್ಲಿ ಮೊದಲೇ ಇಲ್ಲ. ಮಾರ್ಚ್ ಕೊನೆಗೆ ಮಳೆ ಹಿಂದಾದ ಮೇಲೆ ಕೋಲುಗಳನ್ನು ಕಿತ್ತು ಸುಟ್ಟು, ಎಲ್ಲಿಂದಲಾದರೂ ಹೊಸದನ್ನು ತಂದು ಬೇರೆ ಕಡೆ ನೆಡುತ್ತೇನೆ. ಮೇ ಇಪ್ಪತ್ತಾರಕ್ಕೆ ಮಗುವಿಗೆ ನೂರೈದು ದಿನ.

ಇಲ್ಲಿಯ ಕಡಲ ದಂಡೆಯ ಮರಳಲ್ಲಿ ಒಂದು ಹಕ್ಕಿ ಮೊಟ್ಟೆ ಹೂತು ಹೋಗಿಬಿಡುತ್ತದೆ. ಮರಿ ತಾನೇ ಮಣ್ಣು ಬಗೆದು ಮೇಲೆ ಬಂದು, ರೆಕ್ಕೆ ಕೊಡವಿ ನೆಟ್ಟಗೆ ಕಾಡಿಗೆ ಹಾರುತ್ತದೆ. ನಾನೇ ಕಣ್ಣಾರೆ ಕಂಡೆ. ಅದಕ್ಕೆ ತಾಯಿ ಬೇಡ, ಅಜ್ಜ ಬೇಡ, ಯಾರ ಅಪ್ಪಣೆಯೂ ಬೇಡ. ನನ್ನ ಮಗು ಹಕ್ಕಿಯಲ್ಲವಲ್ಲ ಅಣ್ಣ.

ನೆಂಗಾ

*

ತಂತಿ
24 ಮಾರ್ಚ್ 1973

ಕೋಲು ಕೀಳಬೇಡ. ಸುಡಬೇಡ. ಕಾಗದ ಬರುತ್ತಿದೆ.
ವಯಾನ್

*

ಕರಂಗಾಸೆಂ
25 ಮಾರ್ಚ್ 1973

ನೆಂಗಾ,

ತಂತಿ ತಲುಪಿತೆಂದು ನಂಬಿ ಬರೆಯುತ್ತೇನೆ. ನಿನ್ನ ಕಾಗದ ಓದಿದವನು ಗದ್ದೆಯಿಂದ ಹಾಗೇ ಪೇಟೆಗೆ ಹೋದೆ. ರಸ್ನಿ ಪಕ್ಕದಲ್ಲಿ ಕೂತು "ಓಡಿದೆ ಅಂತ ಬರೀರಿ" ಎನ್ನುತ್ತಿದ್ದಾಳೆ. ಸರಿ, ಓಡಿದೆ. ಕಾಲಲ್ಲಿ ಕೆಸರಿತ್ತು. ಅಂಚೆಮನೆಯವನು ಒಳಗೆ ಬಿಡಲಿಲ್ಲ, ಕಿಟಕಿಯಲ್ಲೇ ಬರೆಸಿದೆ.

ಬೆಟ್ಟ ಯಾವ ಕಡೆ ಎಂದು ನೋಡದೆ ಗುಡಿ ಕಟ್ಟಿದ ನಮ್ಮ ವಂಶದ ಮೊದಲ ಪುಣ್ಯಾತ್ಮ ನೀನು. ಇದನ್ನು ಹೇಳಿಯೇ ಮುಂದೆ ಹೋಗುತ್ತೇನೆ.

ನೀರು ಎಲ್ಲಿಂದ ಬರುತ್ತದೆ ನೋಡು. ಹಿರಿಯರು ಇರುವುದು ಅಲ್ಲಿ. ಗುಡಿಯನ್ನು ಬೆಟ್ಟದ ಕಡೆಗೆ, ಅಂಗಳದ ಎತ್ತರದ ಜಾಗಕ್ಕೆ ಒಯ್ಯಿ. ಅದರ ಮುಖ ಕಡಲಿಗಿರಲಿ. ಸೂರ್ಯ ಎದ್ದ ಕೂಡಲೇ ಮೊದಲ ಬಿಸಿಲು ಅದರ ಮೇಲೆ ಬೀಳುತ್ತದೆ. ಬೆಟ್ಟ ಬೆನ್ನಿಗೆ, ಸೂರ್ಯ ಮುಖಕ್ಕೆ. ಎರಡೂ ಸಿಕ್ಕಿತಲ್ಲ? ಹಂದಿಯನ್ನು ಕೆಳಗೆ ಕಟ್ಟು. ರೆಂಬುನ್‌ಗೂ ಹೇಳು.

ಕೋಲುಗಳನ್ನು ಎಳೆದು ಕೀಳಬೇಡ. ಸುತ್ತ ಅಗಲವಾಗಿ ಅಗೆದು ಮಣ್ಣಿನ ಮುದ್ದೆಯ ಸಮೇತ ಎತ್ತು. ಕೊಂಬೆ ಸವರು. ಬುಡದ ಮಣ್ಣು ಒಂದು ಚೂರೂ ಉದುರಬಾರದು. ಯಾಕೆಂದರೆ ಆ ಮಣ್ಣು ನಮ್ಮದು.

ನೀನು ಹೊರಡುವ ಹಿಂದಿನ ಸಂಜೆ ಬೇಲಿಯಿಂದ ಐದು ಕೋಲು ಕಡಿದೆ. ಗುಡಿಯೊಳಗೆ, ಅಪ್ಪ ಕೂರುತ್ತಿದ್ದ ಜಾಗದಲ್ಲಿ, ಒಂದು ಮೊಳ ಅಗೆದೆ. ಆ ಮಣ್ಣನ್ನು ತೀರ್ಥದಲ್ಲಿ ಕಲಸಿ ಕೋಲಿನ ಬುಡಕ್ಕೆ ಮೆತ್ತಿ ಬಾಳೆಪಟ್ಟೆ ಕಟ್ಟಿದೆ. ಲಾರಿಯಲ್ಲಿಟ್ಟವನು ನಾನು. ಬೆಳಗ್ಗೆ ನೀನು ಬಂದಾಗ ಬಾಗಿಲು ಹಾಕಿ ನಿಂತದ್ದು ಮಣ್ಣು ಕೊಡಬಾರದೆಂದಲ್ಲ. ಅಗೆದ ಗುಂಡಿ ನಿನ್ನ ಕಣ್ಣಿಗೆ ಬೀಳಬಾರದೆಂದು.

ಕೈಗೆ ಕೊಟ್ಟಿದ್ದರೆ ಹೋಗು ಎಂದ ಹಾಗಾಗುತ್ತಿತ್ತು. ಆ ಮಾತು ನನ್ನ ಬಾಯಲ್ಲಿ ಬರುವಂತಿರಲಿಲ್ಲ. ಬೇರೆ ಏನೋ ಬಂತು. ಅದನ್ನು ಮರೆತುಬಿಡು.

ನೀನು ಮಣ್ಣು ಮಣ್ಣು ಎಂದು ಬರೆದಾಗಲೆಲ್ಲ ಹೇಳಬೇಕೆನ್ನಿಸಿತು. ಆದರೆ ನೀನು ಶುದ್ಧವಾಗಲೆಂದು ತೊಳೆದುಬಿಟ್ಟಿದ್ದರೆ? ತೊಳೆದ ಮೇಲೆ ಹೇಳಿ ನಿನ್ನನ್ನು ಸುಡುವುದೇಕೆ ಎಂದು ಸುಮ್ಮನಿದ್ದೆ. ಚಿಕ್ಕಂದಿನಿಂದ ನಿನ್ನ ಮೈಗಳ್ಳತನಕ್ಕೆ ಎಷ್ಟು ಬೈದಿದ್ದೇನೆ! ಅದನ್ನೂ ವಾಪಸು ತೆಗೆದುಕೊಳ್ಳುತ್ತೇನೆ.

ಗುಂಡಿ ಇನ್ನೂ ಹಾಗೇ ಇದೆ. ಮೇಲೊಂದು ಹಲಗೆ ಮುಚ್ಚಿದ್ದೇನೆ. ರಸ್ನಿಗೆ ಇವತ್ತು ತೋರಿಸಿದೆ. "ತುಂಬಿಸಬಾರದಾ?" ಎಂದಳು. ಯಾವ ಮಣ್ಣು ಹಾಕಲೂ ಮನಸ್ಸು ಬರಲಿಲ್ಲ.

ಹುಡುಗಿಯನ್ನು ನನ್ನ ಹೆಸರು ಹಿಡಿದು ಗದರಬೇಡ.

ವಯಾನ್

*

ಪಾರಿಗಿ
30 ಮೇ 1973

ಅಣ್ಣನಿಗೆ ನೆಂಗಾ ಅಡ್ಡಬಿದ್ದು ಬರೆಯುವುದು.

ತಂತಿ ಬಂದ ದಿನ ಹಾರೆ ನನ್ನ ಕೈಯಲ್ಲೇ ಇತ್ತು. ಅದನ್ನು ಕೆಳಗಿಟ್ಟೆ. ನಿನ್ನ ಕಾಗದ ಬರುವವರೆಗೆ ಹದಿನೆಂಟು ದಿನ ಅದು ಬಿದ್ದಲ್ಲೇ ಇತ್ತು.

ಕಾಗದವನ್ನು ಕೆರ್ತಿಗೆ ಓದಿ ಹೇಳಲು ಹೋದೆ, ಗುಂಡಿ ಎನ್ನುವಲ್ಲಿಗೆ ಬಂದು ಅದೇ ಸಾಲನ್ನು ಮತ್ತೆ ಮತ್ತೆ ಓದತೊಡಗಿದೆ. ಅವಳೇ ಕಸಿದುಕೊಂಡು ಓದಿದಳು. ನಾವಿಬ್ಬರೂ ಇಷ್ಟು ತಿಂಗಳು ಆ ಗುಡಿಯ ಮುಂದೆ ನಿಂತು ಯಾರೂ ಇಲ್ಲ, ಯಾರೂ ಇಲ್ಲ ಎಂದು ಗೋಳಾಡಿದ್ದೆವು. ಅಪ್ಪ ಅಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದ.

ರೆಂಬುನ್ ಮತ್ತು ಇನ್ನು ನಾಲ್ವರು ಬಂದರು. ನೀನು ಹೇಳಿದ ಹಾಗೆ ಸುತ್ತ ಅಗಲವಾಗಿ ಅಗೆದೆವು. ಮೊದಲ ಕೋಲನ್ನು ಎತ್ತಿದಾಗ ಮುದ್ದೆಯ ಒಂದು ಅಂಚು ಸ್ವಲ್ಪ ಬಿರುಕು ಬಿಟ್ಟಿತು. ಒಳಗೆ ಕಂಡಿತು ಅಣ್ಣ. ಸುತ್ತ ಇಲ್ಲಿಯ ಕರಿ ಮಣ್ಣು. ನಟ್ಟ ನಡುವೆ, ಬೂದು. ನಮ್ಮ ಬೆಟ್ಟದ ಬೂದಿಯ ಮಣ್ಣು, ನೀನು ಕಲಸಿದ್ದು. ಎಳೆಯ ಬೇರುಗಳು ಅದನ್ನು ಮುಷ್ಟಿಯಲ್ಲಿ ಹಿಡಿದ ಹಾಗೆ ಸುತ್ತಿಕೊಂಡಿದ್ದವು. ಅಷ್ಟು ಮಳೆ ಬಂದು ಹೋಗಿದೆ, ಹಂದಿಯ ಕೊಚ್ಚೆ ನಿಂತು ಹೋಗಿದೆ, ಬೇರು ಬಿಟ್ಟಿರಲಿಲ್ಲ. ರೆಂಬುನ್ ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಆ ಬಿರುಕಿಗೆ ಕಟ್ಟಿದ. ಅವನು ಮೈಲಿಗೆ ಎಂದರೆ ಹತ್ತು ಸಲ ಸ್ನಾನ ಮಾಡುವವನು.

ನಾಲ್ಕನ್ನೂ ಬಿದಿರಿನ ಬುಟ್ಟಿಯಲ್ಲಿ ಹೊತ್ತು ಬೆಟ್ಟದ ಕಡೆಗೆ ತಂದು ನೆಟ್ಟೆವು. ಮಂತ್ರ ಬಲ್ಲವರು ಬಂದು ತೀರ್ಥ ಚಿಮುಕಿಸಿ ಶುದ್ಧಿ ಮಾಡಿದರು. ಮೂರನೆಯ ದಿನಕ್ಕೆ ಎಲೆಯೆಲ್ಲ ಉದುರಿತು. ಇಪ್ಪತ್ತು ದಿನ ಬೋಳು ಕೋಲು. ಕೆರ್ತಿ ದಿನವೂ ಮಗುವನ್ನು ಎತ್ತಿಕೊಂಡು ಅವುಗಳ ಮುಂದೆ ನಿಂತು, "ಅಜ್ಜ, ಇವಳು ನಿಮ್ಮ ವಯಾನನ ಮಗಳು. ಮುಖ ನೋಡಿ, ಗುರುತು ಹಿಡೀರಿ" ಎನ್ನುತ್ತಿದ್ದಳು. ನಿನ್ನ ಮಗಳೆಂದೇ ಹೇಳುತ್ತಿದ್ದಳು, ನನ್ನ ಹೆಸರು ಅಲ್ಲಿ ನಡೆಯುತ್ತದೋ ಇಲ್ಲವೋ ಎಂಬ ಅನುಮಾನವಿತ್ತೋ ಏನೋ. ಇಪ್ಪತ್ತೊಂದನೆಯ ಬೆಳಗ್ಗೆ ಮೂರು ಕೋಲು ಚಿಗುರಿದವು. ನಾಲ್ಕನೆಯದು, ಬಿರುಕು ಬಿಟ್ಟದ್ದು, ಇನ್ನೂ ಎರಡು ದಿನ ಕಾಯಿಸಿ ಚಿಗುರಿತು. ಅದಕ್ಕೆ ನಿನ್ನ ಸ್ವಭಾವ.

ಮೊನ್ನೆ ಶನಿವಾರ ಇಪ್ಪತ್ತಾರನೆಯ ತಾರೀಕು. ಬೆಳಗ್ಗೆ ಎದ್ದು ಅಂಗಳದ ನಡುವೆ ನಿಂತು ಸುತ್ತ ನೋಡಿದೆ. ಬಾಳೆ ಗೊನೆ ಹಾಕಿದೆ. ಅಜ್ಜ ಎಂದು ಕರೆಸಿಕೊಂಡ ಮೆಣಸಿನ ಗಿಡ ಕೆಂಪಗೆ ಹಣ್ಣು ತುಂಬಿ ಬಾಗಿದೆ. ಗೊಂಡೆಯನ್ನು ನಾನು ನೆಟ್ಟದ್ದು ಒಂದು ಸಾಲು, ಈಗ ಎಣಿಸಲು ಆಗದು. ಕಳೆದ ವರ್ಷ ಇಲ್ಲಿ ಬೆಳಕು ನೆಲಕ್ಕೆ ಬೀಳುತ್ತಿರಲಿಲ್ಲ. ಇದನ್ನೆಲ್ಲ ಮಾಡಿದವನು ನಾನು ಎಂದು ಹೇಳಿಕೊಳ್ಳಲು ಹೋದರೆ ನಗು ಬರುತ್ತದೆ. ನಾನು ಕಡ್ಡಿ ಊರಿದೆ, ಅಷ್ಟೇ. ಕಡಲಿನಿಂದ ಸೂರ್ಯ ಎದ್ದ. ಮೊದಲ ಬಿಸಿಲು ಗುಡಿಯ ಮೇಲೆ ಬಿತ್ತು. ನೀನು ಇಲ್ಲಿಗೆ ಬರದೆ, ನೋಡದೆ, ಹೇಗೆ ಹೇಳಿದೆ?

ಕೆರ್ತಿ ಮಗುವಿನ ಕಂಕುಳಿಗೆ ಕೈ ಕೊಟ್ಟು ಮೆಲ್ಲಗೆ ಇಳಿಸಿದಳು. ಮೊದಲು ಎಡಗಾಲು. ಆ ಬಿರುಕಿನಿಂದ ಉದುರಿದ್ದ ಒಂದು ಚಿಟಿಕೆ ಬೂದು ಮಣ್ಣನ್ನು ಎತ್ತಿಟ್ಟಿದ್ದೆ, ಅದರ ಮೇಲೆ. ಆಮೇಲೆ ಬಲಗಾಲು, ಇಲ್ಲಿಯ ಕರಿ ಮಣ್ಣಿನ ಮೇಲೆ. ಬೆರಳುಗಳನ್ನು ಮಡಿಚಿ ಮಣ್ಣನ್ನು ಹಿಡಿದುಕೊಂಡಳು. ಅಳಲಿಲ್ಲ. ಹುಬ್ಬು ಗಂಟಿಕ್ಕಿ ಕೋಲುಗಳನ್ನೇ ನೋಡಿದಳು, ಗುರುತಿನವರನ್ನು ನೋಡುವ ಹಾಗೆ. ನಾನು ಅತ್ತೆ. ರೆಂಬುನ್ ಕೂಡ ಅತ್ತು, ಹೊಗೆ ಎಂದು ಸುಳ್ಳು ಹೇಳಿದ.

ಈ ಕಾಗದದ ಜೊತೆ ಊರಿಗೆ ಹೊರಟವರ ಕೈಯಲ್ಲಿ ಬಾಳೆಪಟ್ಟೆಯ ಒಂದು ಪೊಟ್ಟಣ ಕಳಿಸಿದ್ದೇನೆ. ಅದರಲ್ಲಿರುವುದು ಆ ಬಲಗಾಲ ಕೆಳಗಿನ ಮಣ್ಣು. ಎತ್ತುವಾಗ ಅವಳ ಹೆಜ್ಜೆ ಒಡೆಯದಿರಲೆಂದು ತುಂಬ ಜೋಪಾನ ಮಾಡಿದೆ, ಆದರೂ ಹಡಗಿನಲ್ಲಿ ಪುಡಿಯಾಗಬಹುದು. ಆದರೆ ಆಗಲಿ.

ಹಲಗೆ ತೆಗೆದು ಗುಂಡಿ ತುಂಬಿಸು, ಅಣ್ಣ.

ನಿನ್ನ ತಮ್ಮ,
ನೆಂಗಾ